ಇಲ್ಲದ ಊರುಗಳ ಅಂಚೆ

ಹೆಸ್ಟರ್ ವೀಕ್ಸ್‌ಗೆ ಅಂಚೆ ಹಂಚುವ ಕೆಲಸ ಸಿಕ್ಕಿದ್ದು ಒಂದು ಚಂಡಮಾರುತದ ದೆಸೆಯಿಂದ. ಎಂಬತ್ತೊಂಬತ್ತರ ಸೆಪ್ಟೆಂಬರಿನಲ್ಲಿ ಹ್ಯೂಗೊ ಎಂಬ ಆ ಚಂಡಮಾರುತ ಬಂದು ಮಾಂಟ್ಸೆರಾಟ್ ದ್ವೀಪದ ಮನೆಗಳ ಮಾಡುಗಳನ್ನು ಕಿತ್ತು ಸಮುದ್ರಕ್ಕೆ ಎಸೆದು ಹೋದಾಗ, ಪೂರ್ವದ ಹಳ್ಳಿಗಳಿಗೆ ಇಪ್ಪತ್ತು ವರ್ಷದಿಂದ ಕಾಗದ ಕೊಡುತ್ತಿದ್ದ ಮಿಸ್ಟರ್ ಡ್ಯೂಬೆರಿಯ ಸೊಂಟ ಮುರಿಯಿತು. ಗಂಡಸರೆಲ್ಲ ಮಾಡು ಹೊದಿಸುವುದರಲ್ಲಿ ಮುಳುಗಿದ್ದರು. ಆ ಕೆಲಸ ಕೇಳಿಕೊಂಡು ಪ್ಲಿಮತ್ ಪಟ್ಟಣದ ದೊಡ್ಡ ಅಂಚೆ ಕಚೇರಿಗೆ ಹೋದವಳು ಲಾಂಗ್ ಗ್ರೌಂಡ್ ಹಳ್ಳಿಯ ಸಿಸ್ಸಿ ವೀಕ್ಸ್‌ಳ ಹಿರಿಯ ಮಗಳೊಬ್ಬಳೇ. ಆಗ ಅವಳಿಗೆ ಮೂವತ್ತೊಂದು. ಗಂಡ ಎನ್ನುವವನು ಆಂಟಿಗುವಾಕ್ಕೆ ದುಡಿಯಲು ಹೋಗಿ ಅಲ್ಲೇ ಬೇರೊಂದು ಒಲೆ ಹೂಡಿದ್ದ.

"ಸೈಕಲ್ ಬರುತ್ತೇನಮ್ಮ?" ಎಂದು ಕೇಳಿದರು.

"ಬರಲ್ಲ. ಕಾಲಿದೆ," ಎಂದಳು.

ಅಷ್ಟೇ ಸಂದರ್ಶನ.

ಹ್ಯಾರಿಸ್ ಊರಿನ ಗುಡ್ಡದ ನೆತ್ತಿಯಲ್ಲಿ ಬಸ್ಸಿನಿಂದ ಇಳಿದರೆ ಅಲ್ಲಿಂದ ಅವಳ ನಡಿಗೆ. ಮೊದಲು ಹ್ಯಾರಿಸ್, ಆಮೇಲೆ ಬೆತೆಲ್, ಟ್ಯೂಟ್ಸ್, ಕೊನೆಗೆ ತನ್ನದೇ ಊರಾದ ಲಾಂಗ್ ಗ್ರೌಂಡ್. ಎಡಕ್ಕೆ ಸಮುದ್ರ, ಬಲಕ್ಕೆ ಮೋಡ ಹೊದ್ದ ಬೆಟ್ಟ. ಮನೆಗಳಿಗೆ ನಂಬರ್ ಇರಲಿಲ್ಲ, ಬೀದಿಗಳಿಗೆ ಹೆಸರಿರಲಿಲ್ಲ. ಲಕೋಟೆಯ ಮೇಲೆ ಹೆಸರು, ಊರು, ದ್ವೀಪ ಇದ್ದರೆ ಸಾಕು. ಹ್ಯೂಗೊ ಮುಗಿದ ಹೊಸತರಲ್ಲಿ ಎಷ್ಟೋ ಜನ ತಮ್ಮ ಮನೆಯಲ್ಲೇ ಇರಲಿಲ್ಲವಾದ್ದರಿಂದ ಅವಳು ಮನೆಗಳನ್ನು ಬಿಟ್ಟು ಮುಖಗಳನ್ನು ನೆನಪಿಟ್ಟುಕೊಳ್ಳುವುದನ್ನು ಕಲಿತಳು. ಲಂಡನ್, ಲೆಸ್ಟರ್, ಟೊರಾಂಟೊಗಳಲ್ಲಿದ್ದ ಮಕ್ಕಳು ಬರೆದದ್ದನ್ನು ಓದಲಾರದ ಮುದುಕರಿಗೆ ತಾನೇ ಓದಿ ಹೇಳುತ್ತಿದ್ದಳು, ಉತ್ತರವನ್ನೂ ಬರೆದುಕೊಡುತ್ತಿದ್ದಳು. ಒಂದು ಮನೆಯಲ್ಲಿ ಓದಿದ್ದು ಇನ್ನೊಂದು ಮನೆಯ ಹೊಸ್ತಿಲು ದಾಟುತ್ತಿರಲಿಲ್ಲ. ಹಳ್ಳಿಯ ಹೆಂಗಸರು ಎಷ್ಟು ಕೆದಕಿದರೂ ಅವಳ ಬಾಯಿಂದ ಒಂದು ಮಾತು ಉದುರುತ್ತಿರಲಿಲ್ಲ. "ಇವಳ ಹೊಟ್ಟೇಲಿ ಬೀಗ ಇದೆ, ಬೀಗದ ಕೈ ಸಮುದ್ರದಲ್ಲಿದೆ," ಎಂದು ಅವಳ ತಾಯಿಯೇ ಬೈಯುತ್ತಿದ್ದಳು.

ತೊಂಬತ್ತೈದರ ಜುಲೈನಲ್ಲಿ ಬೆಟ್ಟ ಬಾಯಿ ತೆರೆಯಿತು.

ಮೊದಲು ಬರೀ ಹೊಗೆ, ಗಂಧಕದ ವಾಸನೆ. ಆಮೇಲೆ ಬೂದಿ. ಒಣಹಾಕಿದ ಬಟ್ಟೆ, ಹಲಸಿನಂಥ ಬ್ರೆಡ್‌ಫ್ರೂಟ್ ಎಲೆ, ಆಡಿನ ಬೆನ್ನು, ಎಲ್ಲವೂ ಒಂದೇ ಬಣ್ಣ. ಸರ್ಕಾರ ಜನರನ್ನು ಉತ್ತರಕ್ಕೆ ಸಾಗಿಸಿತು, ವಾಪಸ್ ಕರೆತಂದಿತು, ಮತ್ತೆ ಸಾಗಿಸಿತು, ಮತ್ತೆ ಕರೆತಂದಿತು. ತೊಂಬತ್ತಾರರ ಏಪ್ರಿಲ್‌ನಲ್ಲಿ ಮೂರನೇ ಸಲ ಲಾರಿ ಬಂದಾಗ ಇನ್ನು ಹಿಂದಿರುಗುವುದಿಲ್ಲ ಎಂದು ಎಲ್ಲರಿಗೂ ಒಳಗೊಳಗೇ ತಿಳಿದಿತ್ತು. ಸಿಸ್ಸಿ ಕಸಾವ ಎಂಬ ಮರಗೆಣಸಿನ ರೊಟ್ಟಿ ಬೇಯಿಸುವ ದೊಡ್ಡ ಕಬ್ಬಿಣದ ಹಂಚನ್ನು ತೊಡೆಯ ಮೇಲಿಟ್ಟುಕೊಂಡು ಲಾರಿಯಲ್ಲಿ ಕುಳಿತಳು.

"ಅಮ್ಮ, ಬಟ್ಟೆ ಗಂಟು ಬಿಟ್ಟು ಇದನ್ನ ತಂದಿದ್ದೀಯಲ್ಲ," ಎಂದಳು ಹೆಸ್ಟರ್.

"ಬಟ್ಟೆ ಯಾರಾದ್ರೂ ಧರ್ಮಕ್ಕೆ ಕೊಡ್ತಾರೆ ಕಣೆ. ಹಂಚು ಯಾರು ಕೊಡ್ತಾರೆ?"

ಉತ್ತರದಲ್ಲಿ ಅವರಿಗೆ ಸಿಕ್ಕಿದ್ದು ಒಂದು ಚರ್ಚಿನ ಸಭಾಂಗಣ. ನಲವತ್ತು ಮಡಿಚುವ ಮಂಚ, ಮಧ್ಯೆ ಹಾಸಿಗೆ ಹೊದಿಕೆಗಳ ಪರದೆ. ಒಬ್ಬರು ಕೆಮ್ಮಿದರೆ ಹತ್ತು ಜನಕ್ಕೆ ಎಚ್ಚರ. ಇಂಥ ಆಶ್ರಯ ಶಿಬಿರಗಳು ಶಾಲೆಗಳಲ್ಲಿ, ಗುಡಾರಗಳಲ್ಲಿ, ತಗಡಿನ ಚಪ್ಪರಗಳಲ್ಲಿ ಉತ್ತರದ ತುಂಬ ಹರಡಿದ್ದವು. ದ್ವೀಪದ ಸೊಂಟಕ್ಕೆ ಒಂದು ಗೆರೆ ಎಳೆದು, ಅದರ ದಕ್ಷಿಣಕ್ಕೆ ಯಾರೂ ಹೋಗಕೂಡದು ಎಂದು ಸರ್ಕಾರ ಸಾರಿತು. ಪ್ಲಿಮತ್‌ನಲ್ಲಿದ್ದ ಸರ್ಕಾರವೂ ನೆಲೆ ಕಳೆದುಕೊಂಡು, ಯಾರದೋ ಮನೆಯ ಜಗಲಿಯಲ್ಲಿ ಒಂದು ಇಲಾಖೆ, ಇನ್ನಾರದೋ ಗ್ಯಾರೇಜಿನಲ್ಲಿ ಇನ್ನೊಂದು ಎಂದು ನಡೆಯುತ್ತಿತ್ತು. ಅಂಚೆಯ ಪಾಲಿಗೆ ಬಂದಿದ್ದು ಬ್ರೇಡ್ಸ್‌ನಲ್ಲಿ ಒಂದು ಮನೆಯ ಕೆಳಅಂತಸ್ತು. ಅಲ್ಲಿಗೆ ಹೊಸದಾಗಿ ಬಂದ ಮೇಲ್ವಿಚಾರಕ ಮಿಸ್ಟರ್ ಎವರಾರ್ಡ್ ಲಿಂಚ್ ಸೇಂಟ್ ವಿನ್ಸೆಂಟ್ ದ್ವೀಪದವನು. ಕೆಟ್ಟವನಲ್ಲ, ನಿಯಮದ ಪುಸ್ತಕವನ್ನು ಬೈಬಲ್ಲಿನ ಪಕ್ಕದಲ್ಲಿಟ್ಟವನು.

ಮೊದಲ ದಿನವೇ ಅವನು ಮೂಲೆಯಲ್ಲಿದ್ದ ಮೂರು ಚೀಲಗಳನ್ನು ತೋರಿಸಿದ. ಲಾಂಗ್ ಗ್ರೌಂಡ್, ಟ್ಯೂಟ್ಸ್, ಬೆತೆಲ್, ಹ್ಯಾರಿಸ್. ಎಲ್ಲ ಹೆಸ್ಟರ್‌ಳ ಊರುಗಳು.

"ಮಿಸ್ ವೀಕ್ಸ್, ಈ ಊರುಗಳು ಮುಚ್ಚಿಹೋಗಿವೆ. ವಿಳಾಸವೇ ಇಲ್ಲ ಅಂದ್ಮೇಲೆ ಕಾಗದ ಎಲ್ಲಿಗೆ ಕೊಡೋದು? ಮೂರು ವಾರ ಇಟ್ಕೋಬೇಕು, ಆಮೇಲೆ ಮುದ್ರೆ ಹೊಡೆದು ಕಳಿಸಿದವರಿಗೇ ವಾಪಸ್. ನಿಯಮ ಅದು."

"ಊರು ಮುಚ್ಚಿದೆ ಸರ್. ಜನರನ್ನ ಯಾರೂ ಮುಚ್ಚಿಲ್ಲ."

"ಅವರೆಲ್ಲ ಎಲ್ಲಿದ್ದಾರೆ ಅಂತ ನಿಮಗೆ ಗೊತ್ತಾ?"

"ಅರ್ಧ ಗೊತ್ತು."

"ಇನ್ನರ್ಧ?"

"ಗೊತ್ತು ಮಾಡ್ಕೋತೀನಿ."

ಲಿಂಚ್ ಅವಳ ಬೂಟುಗಳನ್ನು ನೋಡಿದ. ಬೂದಿಯಲ್ಲಿ ನಡೆದು ನಡೆದು ಅವುಗಳ ಅಟ್ಟೆ ಬಿಳಿಚಿತ್ತು. "ಮೂರು ವಾರ," ಎಂದ. "ಮುದ್ರೆ ನನ್ನ ಡ್ರಾಯರಿನಲ್ಲೇ ಇರುತ್ತೆ."

ಹೆಸ್ಟರ್ ಒಂದು ದಪ್ಪ ನೋಟುಬುಕ್ಕು ಕೊಂಡಳು. ಅದರಲ್ಲಿ ಹೆಸರುಗಳನ್ನು ಬರೆಯುವ ಮೊದಲು ಊರುಗಳನ್ನು ಬಿಡಿಸಿದಳು. ಪ್ರತಿ ಊರಿಗೂ ಎರಡು ಪುಟ. ರಸ್ತೆಯ ಒಂದು ಗೀಟು, ಅದರ ಅಕ್ಕಪಕ್ಕ ಮನೆಗಳ ಚೌಕ, ಮಾವಿನ ಮರ, ನೀರಿನ ನಲ್ಲಿ, ಕ್ರಿಕೆಟ್ ಬಯಲು. ಪ್ರತಿ ಚೌಕದೊಳಗೆ ಅಲ್ಲಿ ಇದ್ದವರ ಹೆಸರು. ಆಮೇಲೆ ಹೆಗಲಿಗೆ ಚೀಲ ಹಾಕಿಕೊಂಡು ಶಿಬಿರದಿಂದ ಶಿಬಿರಕ್ಕೆ ಹೊರಟಳು. ಒಬ್ಬರು ಸಿಕ್ಕರೆ ಅವರಿಂದ ಇನ್ನಿಬ್ಬರ ಸುಳಿವು. ಟ್ಯೂಟ್ಸ್‌ನ ದರ್ಜಿ ಗೆರೆಯ ಈಚೆಗಿನ ಸೇಲಂ ಎಂಬ ಊರಿನಲ್ಲಿ ಭಾವಮೈದುನನ ಮನೆಯ ನೆಲಮಾಳಿಗೆಯಲ್ಲಿದ್ದ. ಹ್ಯಾರಿಸ್‌ನ ಅಕ್ಕತಂಗಿಯರಿಬ್ಬರು ಇಪ್ಪತ್ತು ವರ್ಷದ ಮುನಿಸನ್ನು ಜೊತೆಗೇ ತಂದು, ಒಂದೇ ಗುಡಾರದ ಎರಡು ತುದಿಯಲ್ಲಿ ಮಲಗುತ್ತಿದ್ದರು. ಅವರಿಬ್ಬರಿಗೂ ಸೇರಿ ಅವರ ತಮ್ಮ ಬರೆದ ಒಂದೇ ಕಾಗದ ಬಂದಾಗ ಹೆಸ್ಟರ್ ಅದನ್ನು ಗುಡಾರದ ನಟ್ಟನಡುವೆ ನಿಂತು ಗಟ್ಟಿಯಾಗಿ ಓದಿದಳು.

ಮೂರು ವಾರ ಕಳೆದಾಗ ಮೂರು ಚೀಲಗಳಲ್ಲಿ ಉಳಿದದ್ದು ಹನ್ನೊಂದು ಕಾಗದ. ಲಿಂಚ್ ಡ್ರಾಯರನ್ನು ತೆರೆದು ಮತ್ತೆ ಮುಚ್ಚಿದ. "ಇನ್ನೊಂದು ವಾರ ತಗೊಳ್ಳಿ," ಎಂದ. ಆಮೇಲೆ ಆ ಮಾತನ್ನು ಅವನು ಎತ್ತಲೇ ಇಲ್ಲ.

ಆ ಹನ್ನೊಂದರಲ್ಲಿ ನಾಲ್ಕು ಬೆತೆಲ್‌ನ ನಥಾನಿಯೆಲ್ ರೋಚ್‌ಗೆ ಸೇರಬೇಕಾದವು. ಊರೆಲ್ಲ ಅವನನ್ನು ಪಾಪಾ ನ್ಯಾಟ್ ಎನ್ನುತ್ತಿತ್ತು. ಅರವತ್ತೆಂಟು ದಾಟಿದ, ಬಿಸಿಲಿಗೆ ಒಣಗಿದ ಮೀನಿನಂತಿದ್ದ ರೈತ. ಸೇಂಟ್ ಜಾನ್ಸ್‌ನ ಶಾಲೆಯಲ್ಲಿ ಅವನ ಹೆಸರಿಗೊಂದು ಮಂಚವಿತ್ತು, ಮಂಚದ ಮೇಲೆ ಅವನು ಇರುತ್ತಿರಲಿಲ್ಲ. ಗೆರೆ ದಾಟಿ ಬೆತೆಲ್‌ನ ತನ್ನ ಹೊಲಕ್ಕೆ ಹೋಗಿ ಗೆಣಸು, ಕ್ಯಾರೆಟ್ ಬೆಳೆಯುತ್ತಿದ್ದ. ಅವನಂಥವರು ಇನ್ನೂ ಹಲವರಿದ್ದರು. ಹಗಲು ಹೋಗಿ ಬರುವ ರೈತರನ್ನು ಪೊಲೀಸರು ಕಂಡೂ ಕಾಣದಂತಿದ್ದರು. ಗೆರೆಯ ಮೇಲಿದ್ದ ಪೊಲೀಸರ ತಡೆಗಂಬದ ಬಳಿ ಹೆಸ್ಟರ್ ಎರಡು ಬೆಳಗು ಕಾದಳು. ಮೂರನೆಯ ಬೆಳಗು ಅವನು ಕತ್ತೆಯ ಮೇಲೆ ಎರಡು ಮೂಟೆ ಹೇರಿಕೊಂಡು ಬಂದ.

"ಏನು ಪೋಸ್ಟ್, ಬೆಟ್ಟವೇ ನನ್ನ ಹುಡುಕೋಕಾಗ್ಲಿಲ್ಲ, ನೀನು ಹುಡುಕಿಬಿಟ್ಯಲ್ಲ," ಎಂದು ನಕ್ಕ.

"ನಾಲ್ಕು ಕಾಗದ ಇದೆ ಪಾಪಾ ನ್ಯಾಟ್. ನಾಲ್ಕೂ ಅವೊನೆಲ್‌ದೇ."

ಅವೊನೆಲ್ ಅವನ ಒಬ್ಬಳೇ ಮಗಳು. ಲೆಸ್ಟರ್‌ನ ಒಂದು ಆಸ್ಪತ್ರೆಯಲ್ಲಿ ದಾದಿ. ನಾಲ್ಕು ಕಾಗದದಲ್ಲೂ ಒಂದೇ ಗೋಳು: ಟಿಕೇಟು ಕಳಿಸುತ್ತೇನೆ, ಹೊರಟು ಬಾ. ಹೆಸ್ಟರ್ ರಸ್ತೆಬದಿಯ ಕಲ್ಲಿನ ಮೇಲೆ ಕುಳಿತು ನಾಲ್ಕನ್ನೂ ಓದಿದಳು. ಅವನು ಟೋಪಿ ತೆಗೆದು, ಪ್ರಾರ್ಥನೆ ಕೇಳುವವನಂತೆ ಕೇಳಿದ.

"ಬರಿ," ಎಂದ. "ನಾನು ಚೆನ್ನಾಗಿದ್ದೀನಿ. ಗೆಣಸು ಚೆನ್ನಾಗಿ ಬಂದಿದೆ."

"ಬೆಟ್ಟದ ವಿಷಯ ಏನು ಬರೀಲಿ?"

"ಬೆಟ್ಟ ತನ್ನ ಪಾಡಿಗೆ ತಾನಿದೆ ಅಂತ ಬರಿ."

"ಅದು ಸುಳ್ಳು."

"ಹಾಗಾದ್ರೆ ನಾನು ನನ್ನ ಪಾಡಿಗೆ ಇದ್ದೀನಿ ಅಂತ ಬರಿ. ಅದು ನಿಜ ತಾನೆ?"

ಅಂದಿನಿಂದ ವಾರಕ್ಕೆರಡು ಸಲ, ಸೋಮವಾರ ಮತ್ತು ಗುರುವಾರ, ಅವರು ತಡೆಗಂಬದ ಬಳಿ ಸಿಗುವುದು ಅಭ್ಯಾಸವಾಯಿತು. ಅವನು ಎಷ್ಟೋ ರಾತ್ರಿ ಬೆತೆಲ್‌ನಲ್ಲೇ ಮಲಗುತ್ತಾನೆಂದು ಹೆಸ್ಟರ್‌ಗೆ ಗೊತ್ತಾಯಿತು. ಇಂಥವರದೇ ಹೆಸರುಗಳಿಗೆ ನೋಟುಬುಕ್ಕಿನ ಹಿಂಬದಿಯಲ್ಲಿ ಒಂದು ಪುಟ ಬೇರೆ ಮಾಡಿದಳು, ಕಾಗದ ಎಲ್ಲಿ ಮುಟ್ಟಿಸಬೇಕೆಂದು ತಿಳಿಯಲು. ಯಾರಿಗೂ ಹೇಳಲಿಲ್ಲ. ಅವನಿಗೆ ಮಾತ್ರ ಬುದ್ಧಿ ಹೇಳಿದಳು.

"ಪಾಪಾ ನ್ಯಾಟ್, ಹಗಲು ಹೋಗೋದೇ ತಪ್ಪು. ಅಲ್ಲೇ ಮಲಗೋದು ಹುಚ್ಚು."

"ನಿನ್ನ ಶಿಬಿರದಲ್ಲಿ ನಿನ್ನೆ ರಾತ್ರಿ ಏನು ತಿಂದೆ?"

"ಗೆಣಸು."

"ಯಾರದ್ದು?"

ಶಿಬಿರಗಳಲ್ಲಿ ಡಬ್ಬಿಯ ಮಾಂಸ ತಿಂದು ತಿಂದು ಜನರ ನಾಲಿಗೆ ಸತ್ತಿತ್ತು. ಹಸಿ ತರಕಾರಿ ಬರುತ್ತಿದ್ದುದು ಗೆರೆಯ ಆಚೆಯಿಂದ.

ತೊಂಬತ್ತೇಳರ ಜೂನ್ ಇಪ್ಪತ್ತಮೂರು, ಸೋಮವಾರ. ಅಂದು ಅವನು ಮಗಳಿಗೆ ಉದ್ದದ ಉತ್ತರ ಹೇಳಿ ಬರೆಸುತ್ತಿದ್ದ. ಅವಳ ತಾಯಿ ನೆಟ್ಟ ಕಿತ್ತಳೆ ಗಿಡ ಬೂದಿಯಲ್ಲೂ ಹೂ ಬಿಟ್ಟಿರುವುದು, ಕತ್ತೆಗೆ ಮುಪ್ಪು ಬಂದಿರುವುದು. "ನೀನು ಕರೆದಾಗೆಲ್ಲ ನಾನು ಬರಲ್ಲ ಅಂತೀನಿ ಅಂತ ನಿನಗೆ ಸಿಟ್ಟಿರಬಹುದು. ಅದಕ್ಕೊಂದು ಕಾರಣ ಇದೆ, ಇವತ್ತು ಅದನ್ನ ಹೇಳ್ತೀನಿ," ಎಂದು ಬರೆಸಿದ. ಅಷ್ಟರಲ್ಲಿ ಗೆಣಸು ಒಯ್ಯುವ ಲಾರಿಯವನು ಹಾರ್ನ್ ಒತ್ತತೊಡಗಿದ.

"ಉಳಿದದ್ದು ಗುರುವಾರ ಹೇಳ್ತೀನಿ ಪೋಸ್ಟ್," ಎಂದು ಎದ್ದು ಹೋದ.

ಬುಧವಾರ ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಹೆಸ್ಟರ್ ಜೆರಾಲ್ಡ್ಸ್‌ನ ಗುಡ್ಡದ ಮೇಲೆ ಒಬ್ಬಾಕೆಗೆ ಕಾಗದ ಕೊಡುತ್ತಿದ್ದಳು. ಕಾಗದ ಇಸಿದುಕೊಂಡವಳು ಅದನ್ನು ನೋಡದೆ ಹೆಸ್ಟರ್‌ಳ ಹೆಗಲಾಚೆ ನೋಡಿದಳು. ದಕ್ಷಿಣದಲ್ಲಿ ಬೂದುಬಣ್ಣದ ಗೋಡೆಯೊಂದು ಆಕಾಶಕ್ಕೆ ಏಳುತ್ತಿತ್ತು, ಸದ್ದೇ ಇಲ್ಲದೆ. ಕೆಳಗೆ ಅದೇ ಬಣ್ಣದ ಇನ್ನೊಂದು ಗೋಡೆ ನೆಲ ಸವರಿಕೊಂಡು ಪೂರ್ವದ ಹಳ್ಳಿಗಳ ಕಡೆಗೆ ಓಡುತ್ತಿತ್ತು. ಹತ್ತು ನಿಮಿಷದಲ್ಲಿ ಹಗಲು ಕತ್ತಲಾಯಿತು.

ಹೆಸ್ಟರ್ ಚೀಲದಲ್ಲಿ ಉಳಿದಿದ್ದ ಕಾಗದಗಳನ್ನು ಆ ಹೆಂಗಸಿನ ಮನೆಯಲ್ಲೇ ಇಟ್ಟು ನೇರ ಪೊಲೀಸ್ ಠಾಣೆಗೆ ನಡೆದಳು. ಅಲ್ಲಿ ಗದ್ದಲ. ಯಾರು ಯಾರು ಗೆರೆಯಾಚೆ ಇದ್ದರೆಂದು ಸರಿಯಾಗಿ ಬಲ್ಲವರಿರಲಿಲ್ಲ. ಅವಳು ಜನರನ್ನು ಸರಿಸಿಕೊಂಡು ಹೋಗಿ ಸಾರ್ಜೆಂಟನ ಮೇಜಿನ ಮೇಲೆ ನೋಟುಬುಕ್ಕನ್ನು ತೆರೆದಿಟ್ಟಳು.

"ಇದು ನನ್ನ ನಾಲ್ಕು ಊರಿನವರು. ಮೂವತ್ತೇಳು ಜನ ಆಗಾಗ ಆಚೆ ಹೋಗಿ ಉಳಿಯೋರು. ಒಬ್ಬೊಬ್ಬರಾಗಿ ನೋಡೋಣ."

ಸಾರ್ಜೆಂಟ್ ಹೆಸರುಗಳ ಮೇಲೆ ಬೆರಳಾಡಿಸಿದ. ಆಮೇಲೆ ತಲೆಯೆತ್ತಿ, "ಇಷ್ಟೆಲ್ಲ ಗೊತ್ತಿದ್ದೂ ನಮಗೆ ಯಾಕೆ ಹೇಳ್ಲಿಲ್ಲ ಮಿಸ್ ಹೆಸ್ಟರ್?" ಎಂದು ಮೆಲ್ಲಗೆ ಕೇಳಿದ.

"ಕಾಗದ ಕೊಡೋಳು ಚಾಡಿ ಹೇಳಿದ್ರೆ ನಾಳೆ ಯಾರೂ ಬಾಗಿಲು ತೆಗೆಯಲ್ಲ," ಎಂದಳು. ಹೇಳಿದ ಮಾತು ಅವಳ ಕಿವಿಗೇ ಟೊಳ್ಳಾಗಿ ಕೇಳಿಸಿತು. ಆದರೆ ಅಳುತ್ತಾ ಕೂರುವ ಹೊತ್ತು ಅದಾಗಿರಲಿಲ್ಲ. ಇಬ್ಬರು ಕಾನ್‌ಸ್ಟೇಬಲ್‌ಗಳನ್ನು ಕರೆದುಕೊಂಡು ಶಿಬಿರ ಶಿಬಿರ ತಿರುಗಿದಳು. ಯಾರು ಯಾರ ಮನೆಯ ಹಿಂಬದಿಯಲ್ಲಿರುತ್ತಾರೆ, ಯಾರು ದೋಣಿಯಲ್ಲಿ ಮಲಗುತ್ತಾರೆ, ಎಲ್ಲ ಅವಳಿಗೆ ಗೊತ್ತಿತ್ತು. ಮಾರನೆಯ ದಿನವೂ ತಿರುಗಿದಳು, ಅದರ ಮಾರನೆಯ ದಿನವೂ. ಜೀವಂತ ಸಿಕ್ಕವರ ಹೆಸರಿನ ಮುಂದೆ ಒಂದು ಗುರುತು. ಕೊನೆಗೆ ಗುರುತಿಲ್ಲದೆ ಉಳಿದದ್ದು ಮೂರು ಹೆಸರು. ಅದರಲ್ಲಿ ಪಾಪಾ ನ್ಯಾಟ್ ಒಬ್ಬ. ಅವನ ದೇಹ ಸಿಗಲಿಲ್ಲ.

ಮುಂದಿನ ವಾರ ಲಿಂಚ್ ಅವಳ ಕೈಗೆ ಒಂದು ಲಕೋಟೆ ಕೊಟ್ಟ. ಬುಧವಾರಕ್ಕೂ ಮೊದಲೇ ಅವೊನೆಲ್ ಬರೆದು ಹಾಕಿದ್ದ ಕಾಗದ.

"ವಾಪಸ್ ಕಳಿಸ್ಬೇಕು," ಎಂದ. "ತೀರಿಕೊಂಡವರ ಕಾಗದಕ್ಕೆ ಹೊಡೆಯೋ ಮುದ್ರೆ ಬೇರೆ ಇದೆ. ನನ್ನ ಕೈ ಏಳ್ತಿಲ್ಲ ಮಿಸ್ ವೀಕ್ಸ್."

"ನಾನು ಕಳಿಸ್ತೀನಿ."

ಅವಳು ಆ ಲಕೋಟೆಯನ್ನು ಒಡೆಯಲಿಲ್ಲ. ಇನ್ನೊಂದು ದೊಡ್ಡ ಲಕೋಟೆಯಲ್ಲಿ ಅದನ್ನಿಟ್ಟು, ಸೋಮವಾರ ಅರ್ಧಕ್ಕೆ ನಿಂತ ಕಾಗದವನ್ನು ಜೊತೆಗಿಟ್ಟು, ತನ್ನದೇ ಒಂದು ಹಾಳೆ ಬರೆದಳು. ನಿಮ್ಮ ಅಪ್ಪ ಕಾರಣ ಹೇಳುವ ಮೊದಲೇ ಲಾರಿ ಬಂತು. ನಾನಾಗಿ ಒಂದು ಕಾರಣ ಊಹಿಸಿ ಬರೆಯಲಾರೆ. ಅವರು ಅಲ್ಲಿ ಮಲಗುತ್ತಿದ್ದುದು ನನಗೆ ಗೊತ್ತಿತ್ತು. ಯಾರಿಗೂ ಹೇಳಲಿಲ್ಲ. ಇದನ್ನು ನೀವು ನನ್ನಿಂದಲೇ ತಿಳಿಯಬೇಕು.

ಅವೊನೆಲ್‌ಳಿಂದ ಬಹಳ ದಿನ ಏನೂ ಬರಲಿಲ್ಲ.

ಆಗಸ್ಟ್‌ನಲ್ಲಿ ಬೆಟ್ಟ ಮತ್ತೆ ಕೆರಳಿತು. ಸೇಲಂ ಕೂಡ ಖಾಲಿಯಾಯಿತು. ದ್ವೀಪವನ್ನು ಆಳುತ್ತಿದ್ದ ಇಂಗ್ಲೆಂಡಿಗೆ ಹೋಗಬಯಸುವವರಿಗೆ ಪ್ರಯಾಣದ ನೆರವು ಸಿಗುತ್ತದೆಂದು ರೇಡಿಯೊದಲ್ಲಿ ಹೇಳಿದರು. ದ್ವೀಪವನ್ನೇ ಪೂರ್ತಿ ಖಾಲಿ ಮಾಡಿಸುತ್ತಾರಂತೆ ಎಂಬ ಸುದ್ದಿ ನೀರಿನ ಸಾಲಿನಲ್ಲಿ, ಬಸ್ಸಿನಲ್ಲಿ, ಚರ್ಚಿನ ಮೆಟ್ಟಿಲ ಮೇಲೆ ಗುಸುಗುಸು ಹರಿದಾಡಿತು. ದಿನಕ್ಕೊಂದು ಕುಟುಂಬ ದೋಣಿ ಹತ್ತುತ್ತಿತ್ತು.

ಅಂಥ ಒಂದು ಬೆಳಿಗ್ಗೆ ರೋವೆನಾ ಕಾಸೆಲ್ ಅಂಚೆ ಕಚೇರಿಗೆ ಬಂದಳು. ಸರ್ಕಾರದ ಯೋಜನಾ ವಿಭಾಗದ ಅಧಿಕಾರಿ, ಒಂದು ಕಾಲಕ್ಕೆ ಹ್ಯಾರಿಸ್ ಶಾಲೆಯಲ್ಲಿ ಹೆಸ್ಟರ್‌ಳ ಬೆಂಚಿನವಳು.

"ಹೆಸ್ಟರ್, ಎಷ್ಟು ಜನ ಉಳಿದಿದ್ದಾರೆ ಅಂತ ಲಂಡನ್‌ನವರು ಕೇಳ್ತಿದ್ದಾರೆ. ನಮ್ಮ ಹತ್ರ ಇರೋದು ಬರೀ ಅಂದಾಜು. ನಿನ್ನ ಪುಸ್ತಕ ಬೇಕು."

"ಪುಸ್ತಕದಲ್ಲಿರೋದು ನಾಲ್ಕು ಊರು ಮಾತ್ರ. ಇಡೀ ದ್ವೀಪ ಬೇಕಾದ್ರೆ ತಿರುಗ್ಬೇಕು."

"ತಿರುಗ್ತೀಯಾ?"

ಹೆಸ್ಟರ್ ಅವಳ ಕೈಯಲ್ಲಿದ್ದ ಗಣತಿಯ ಪ್ರಶ್ನೆಹಾಳೆಯನ್ನು ಇಸಿದುಕೊಂಡು ಓದಿದಳು. ಮೊದಲ ಪ್ರಶ್ನೆ, ಯಾವಾಗ ಹೊರಡಲು ಬಯಸುತ್ತೀರಿ. ಇಲ್ಲೇ ಇರಲು ಬಯಸುತ್ತೀರಾ ಎಂಬುದು ಒಂಬತ್ತನೆಯದು.

"ಇದನ್ನ ಯಾರು ಬರೆದಿದ್ದು?"

"ಯಾಕೆ?"

"ಬಾಗಿಲಲ್ಲಿ ನಿಂತು ಯಾವಾಗ ಹೊರಡ್ತೀರಿ ಅಂತ ಕೇಳಿದ್ರೆ ಯಾರೇ ಆಗ್ಲಿ ಹೊರಡೋ ದಿನ ಹುಡುಕ್ತಾರೆ. ಮೊದಲು ಇರ್ತೀರಾ ಅಂತ ಕೇಳ್ಬೇಕು. ಒಂಬತ್ತನ್ನ ಒಂದು ಮಾಡು, ತಿರುಗ್ತೀನಿ."

"ಅದನ್ನ ಬದಲಾಯಿಸೋಕೆ ನಾನು ಮೂರು ಜನರ ಒಪ್ಪಿಗೆ ಕೇಳ್ಬೇಕು ಕಣೆ."

"ಕೇಳು. ನಾನೆಲ್ಲಿಗೂ ಹೋಗಲ್ಲ."

ರೋವೆನಾ ಮೂರು ದಿನ ಬಿಟ್ಟು ಬಂದಾಗ ಒಂಬತ್ತು ಒಂದಾಗಿತ್ತು.

ಲಿಂಚ್ ಹೆಸ್ಟರ್‌ಗೆ ರಜೆ ಬರೆದುಕೊಟ್ಟ. ಅವಳ ಜೊತೆ ಇನ್ನೂ ಐದು ಜನ ಹೆಂಗಸರು ಹೊರಟರು, ಒಬ್ಬೊಬ್ಬರಿಗೆ ಒಂದೊಂದು ಭಾಗ. ಮನೆಗಳಿಗೆ ಹೋಗಿ ನಂಬರ್ ಹಾಕಬೇಡಿ, ಹಳೆಯ ಊರು ಯಾವುದೆಂದು ಕೇಳಿ, ಆ ಊರಿನವರೆಲ್ಲ ಎಲ್ಲಿದ್ದಾರೆಂದು ಅವರಿಂದಲೇ ತಿಳಿಯಿರಿ ಎಂದು ಹೆಸ್ಟರ್ ಅವರಿಗೆ ಹೇಳಿಕೊಟ್ಟಳು. ತನ್ನ ಭಾಗದಲ್ಲಿ ಅವಳು ಹೊಸ್ತಿಲಲ್ಲಿ ನಿಂತು ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತಿದ್ದಳು.

"ಗೆರೆ ದಾಟಿ ಮಲಗೋರು ಇದ್ರೆ ಅವರ ಹೆಸರು ಪೊಲೀಸರಿಗೆ ಕೊಡ್ತೀನಿ. ಈ ಸಲ ಮುಚ್ಚಿಡಲ್ಲ. ಬೈಯೋದಿದ್ರೆ ಈಗಲೇ ಬೈದುಬಿಡಿ."

ಬೈದರು. ಟ್ಯೂಟ್ಸ್‌ನ ದರ್ಜಿ ಆ ಹೊತ್ತಿಗೆ ಒಂದು ತಗಡಿನ ಚಪ್ಪರಕ್ಕೆ ಬಂದಿದ್ದ. ಅವನ ಅಣ್ಣ ಇನ್ನೂ ಆಡು ನೋಡಲೆಂದು ಆಚೆ ಹೋಗಿ ಉಳಿಯುತ್ತಿದ್ದ. "ಸರ್ಕಾರದ ನಾಯಿ ಆಗಿಬಿಟ್ಯಾ ಮಿಸ್ ಹೆಸ್ಟರ್? ನಿನ್ನ ಹೊಟ್ಟೇಲಿ ಬೀಗ ಇತ್ತಲ್ಲ," ಎಂದು ಅವಳ ಮುಖದೆದುರೇ ತಗಡಿನ ಬಾಗಿಲೆಳೆದ. ಅವಳು ಹೊರಗಿನ ಕಲ್ಲಿನ ಮೇಲೆ ಕುಳಿತಳು. ಮಳೆ ಬಂತು, ಬೂದಿ ಬೆರೆತ ಮಳೆ. ಏಳಲಿಲ್ಲ. ಒಂದು ಗಂಟೆಯ ನಂತರ ಬಾಗಿಲು ತೆರೆದು ಅಣ್ಣನೇ ಹೊರಬಂದ.

"ಬರಿ," ಎಂದ. "ಆಡು ಮಾರ್ತೀನಿ. ಒಳಗೆ ಬಾ, ನೆನೀಬೇಡ."

ಸಿಸ್ಸಿಯ ಸರದಿ ಬಂದಾಗ ಅವಳು ಶಿಬಿರದ ಹೊರಗೆ ಮೂರು ಕಲ್ಲಿನ ಒಲೆಯ ಮುಂದೆ ಕುಳಿತು ರೊಟ್ಟಿ ಬೇಯಿಸುತ್ತಿದ್ದಳು. ಲಂಡನ್‌ನಲ್ಲಿದ್ದ ಕಿರಿಮಗಳು ಲೋರ್ನಾ ವಾರ ಬಿಡದೆ ಫೋನ್ ಮಾಡಿ ಇಬ್ಬರನ್ನೂ ಕರೆಯುತ್ತಿದ್ದಳು.

"ಇರ್ತೀರಾ, ಹೋಗ್ತೀರಾ?" ಎಂದು ಹೆಸ್ಟರ್ ಬೇರೆಯವರನ್ನು ಕೇಳುವ ದನಿಯಲ್ಲೇ ಕೇಳಿದಳು.

"ಎಲ್ಲಿಗೆ ಹೋಗ್ಲಿ? ನಿನ್ನ ತಂಗಿ ನನ್ನ ನಾಲ್ಕನೇ ಮಹಡೀಲಿ ಕೂರಿಸ್ತಾಳೆ. ಕೋಳಿ ಎಲ್ಲಿ ಸಾಕ್ಲಿ, ಬಚ್ಚಲಲ್ಲಾ?"

"ತಮಾಷೆ ಬೇಡಮ್ಮ. ಇದು ಸರ್ಕಾರಕ್ಕೆ ಹೋಗುತ್ತೆ. ನಿನಗೆ ಎದೆ ಕಟ್ಟುತ್ತೆ, ಈ ಬೂದಿ ನಿನಗಾಗಲ್ಲ. ಹೋಗ್ಬೇಕು ಅನ್ನಿಸಿದ್ರೆ ಹೇಳು. ನಾನು ಬೇಜಾರು ಮಾಡ್ಕೊಳಲ್ಲ."

ಸಿಸ್ಸಿ ರೊಟ್ಟಿ ಮಗುಚಿದಳು. "ನೀನು?" ಎಂದಳು.

"ನಾನು ಇರ್ತೀನಿ."

"ಒಬ್ಬಳೇ?"

"ಒಬ್ಬಳೇ ಆದ್ರೂ."

"ಹಾಗಾದ್ರೆ ಇಬ್ಬರು ಅಂತ ಬರಿ. ಎದೆ ನನ್ನದು, ನಾನು ನೋಡ್ಕೋತೀನಿ."

ಹೆಸ್ಟರ್ ಬರೆದುಕೊಂಡಳು. ಆಮೇಲೆ ಹಂಚಿನಿಂದ ಒಂದು ಚೂರು ರೊಟ್ಟಿ ಮುರಿದುಕೊಂಡು ಮುಂದಿನವರ ಕಡೆ ಹೊರಟಳು.

ಹದಿನಾರು ದಿನ ಹಿಡಿಯಿತು. ಅಂದಾಜಿಗಿಂತ ನಾನೂರಕ್ಕೂ ಹೆಚ್ಚು ಜನ ಸಿಕ್ಕರು. ಸಿಕ್ಕವರಲ್ಲಿ ಮುಕ್ಕಾಲು ಪಾಲು ಇರುತ್ತೇವೆ ಎಂದಿದ್ದರು. ಕೆಲವರು ತಲೆಯ ಮೇಲೊಂದು ಗಟ್ಟಿ ಮಾಡು ಸಿಕ್ಕರೆ ಎಂದಿದ್ದರು, ಮಕ್ಕಳಿಗೆ ಶಾಲೆ ಇದ್ದರೆ ಎಂದಿದ್ದರು. ಆ "ಇದ್ದರೆ"ಗಳನ್ನೂ ಬಿಡದೆ ಹೆಸ್ಟರ್ ಬರೆದಿದ್ದಳು. ರೋವೆನಾ ಆ ಪಟ್ಟಿಗಳ ಕಟ್ಟನ್ನು ಎದೆಗವಚಿಕೊಂಡು ಹೋದಳು. ಅದು ಯಾವ ಯಾವ ಮೇಜುಗಳನ್ನು ಹಾದುಹೋಯಿತೋ ಹೆಸ್ಟರ್‌ಗೆ ತಿಳಿಯಲಿಲ್ಲ. ದ್ವೀಪವನ್ನು ಖಾಲಿ ಮಾಡಿಸಲಿಲ್ಲ. ಅದಕ್ಕೆ ಅವಳ ಪಟ್ಟಿಯೇ ಕಾರಣವೆಂದು ಯಾರೂ ಹೇಳಲಿಲ್ಲ, ಅವಳೂ ಹೇಳಿಕೊಳ್ಳಲಿಲ್ಲ. ಇನ್ನೂ ಸಾವಿರಾರು ಜನ ಹೋದರು. ಹೋಗುತ್ತೇವೆ ಎಂದವರಲ್ಲಿ ಕೆಲವರು ಉಳಿದರು, ಇರುತ್ತೇವೆ ಎಂದು ಆಣೆ ಮಾಡಿದ ಕೆಲವರು ಹೇಳದೆ ಕೇಳದೆ ಹೊರಟುಹೋದರು. ದರ್ಜಿ ಹೋದ, ಅವನ ಅಣ್ಣ ಉಳಿದ.

ಲುಕೌಟ್‌ನ ಬೋಳು ಗುಡ್ಡದ ಮೇಲೆ ಸಾಲು ಮನೆಗಳು ಎದ್ದವು. ಹೆಸ್ಟರ್‌ಗೂ ಸಿಸ್ಸಿಗೂ ಸೇರಿ ಎರಡು ಕೋಣೆಯ ಒಂದು ಮನೆ. ಪೂರ್ವದ ನಾಲ್ಕು ಊರುಗಳಿಂದ ಉಳಿದವರಲ್ಲಿ ಬಹಳ ಮಂದಿ ಅಲ್ಲೇ ಸೇರಿದರು. ಅಂಚೆ ಚೀಲ ಹಗುರವಾಗಿತ್ತು, ದಾರಿ ಗಿಡ್ಡವಾಗಿತ್ತು. ಅವಳಿಗೆ ಒಂದು ವ್ಯಾನ್ ಕೊಡುತ್ತೇವೆಂದರು. ಬೇಡವೆಂದಳು.

ತೊಂಬತ್ತೊಂಬತ್ತರ ಮಾರ್ಚ್‌ನಲ್ಲಿ ಆಂಟಿಗುವಾದ ದೋಣಿಯಿಂದ ಲಿಟಲ್ ಬೇ ಕಟ್ಟೆಗೆ ನಲವತ್ತರ ಒಬ್ಬ ಹೆಂಗಸು ಇಳಿದು, ಸಿಕ್ಕ ಮೊದಲ ಟ್ಯಾಕ್ಸಿಯವನನ್ನು, "ಪೋಸ್ಟ್ ಹೆಸ್ಟರ್ ಎಲ್ಲಿ ಸಿಗ್ತಾರೆ?" ಎಂದು ಕೇಳಿದಳು. ಅವೊನೆಲ್. ತಂದೆಯ ಅದೇ ಸಪೂರ ಮೈ, ಅದೇ ಉದ್ದ ಗದ್ದ. ಸಿಸ್ಸಿ ಅವಳಿಗೆ ಆಡಿನ ಮಾಂಸದ ಸಾರು ಬಡಿಸಿದಳು. ಅವಳು ತಟ್ಟೆಯನ್ನು ಮುಟ್ಟದೆ ಕುಳಿತಿದ್ದಳು.

"ನಿಮ್ಮ ಕಾಗದಕ್ಕೆ ನಾನು ಉತ್ತರ ಬರೀಲಿಲ್ಲ," ಎಂದಳು ಹೆಸ್ಟರ್‌ಗೆ. "ಸಿಟ್ಟು ಬಂದಿತ್ತು."

"ಬರಬೇಕಾದ್ದೇ. ನಾನು ತಡೀಬಹುದಿತ್ತು."

"ಅಪ್ಪನ್ನ? ಹೇಗೆ? ನಾನು ಹತ್ತು ವರ್ಷ ಪ್ರಯತ್ನ ಮಾಡಿದ್ದೀನಿ." ಅವೊನೆಲ್ ಚಮಚ ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟಳು. "ಆದ್ರೂ ನೀವು ಪೊಲೀಸರಿಗೆ ಒಂದು ಮಾತು ಹೇಳಿದ್ರೆ ಚೆನ್ನಾಗಿತ್ತು ಅಂತ ಈಗಲೂ ಅನ್ಸುತ್ತೆ. ಇಲ್ಲ ಅಂತ ಸುಳ್ಳು ಹೇಳಲ್ಲ."

"ನನಗೂ ಅನ್ಸುತ್ತೆ," ಎಂದಳು ಹೆಸ್ಟರ್.

ಹೊರಗೆ ಯಾರದೋ ರೇಡಿಯೊ ಹಾಡುತ್ತಿತ್ತು.

"ಅವರ ಸಮಾಧಿಯಿಲ್ಲ, ಮನೆಯಿಲ್ಲ, ಊರೂ ಇಲ್ಲ," ಎಂದಳು ಅವೊನೆಲ್. "ಇಷ್ಟು ದೂರ ಬಂದು ನಾನು ಎಲ್ಲಿ ಹೋಗಿ ನಿಂತ್ಕೊಳ್ಳಲಿ ಅಂತ ತಿಳೀತಿಲ್ಲ."

ಹೆಸ್ಟರ್ ಎದ್ದು ಬಾಗಿಲ ಹಿಂದಿದ್ದ ಚೀಲವನ್ನು ಹೆಗಲಿಗೇರಿಸಿದಳು. "ಊಟ ಮಾಡಿ, ನನ್ನ ಜೊತೆ ಬನ್ನಿ. ಇವತ್ತಿನ ಟಪಾಲು ಇನ್ನೂ ಹಂಚಿಲ್ಲ."

ಇಬ್ಬರೂ ಬಿಸಿಲಿನಲ್ಲಿ ಸಾಲು ಮನೆಗಳ ದಾರಿ ಹಿಡಿದರು. ಮೊದಲ ಮನೆಯಲ್ಲಿ ಹ್ಯಾರಿಸ್‌ನ ಆ ಅಕ್ಕತಂಗಿಯರು, ಒಂದೇ ಜಗಲಿಯ ಎರಡು ಕುರ್ಚಿಯಲ್ಲಿ. ಹೆಸ್ಟರ್ ಕಾಗದ ಕೊಟ್ಟು, "ಇವರು ಪಾಪಾ ನ್ಯಾಟ್ ಮಗಳು," ಎಂದಳು.

"ಬೆತೆಲ್‌ನ ನ್ಯಾಟ್?" ಹಿರಿಯಳು ಕುರ್ಚಿಯಿಂದ ಏಳಲು ತಡವರಿಸಿದಳು. "ನಮ್ಮ ಗುಡಾರಕ್ಕೆ ಶನಿವಾರ ಶನಿವಾರ ಗೆಣಸು ಇಳಿಸಿ ಹೋಗೋನು. ಇವಳಿಗೆ ಒಂದು ಪಾಲು, ನನಗೆ ಒಂದು ಪಾಲು, ಬೇರೆ ಬೇರೆ ಕಟ್ಟಿ ತರೋನು, ಜಗಳ ಆಡ್ಬಾರದು ಅಂತ."

"ನನ್ನ ಪಾಲು ಯಾವಾಗ್ಲೂ ಚಿಕ್ಕದು," ಎಂದಳು ಕಿರಿಯಳು.

"ಸುಳ್ಳು ಹೇಳ್ಬೇಡ್ವೆ, ಮಗಳ ಮುಂದೆ."

ಅವೊನೆಲ್ ನಕ್ಕಳು. ನಗು ಅರ್ಧದಲ್ಲೇ ಒಡೆಯಿತು. ಹಿರಿಯಳು ತನ್ನ ಕುರ್ಚಿಯನ್ನು ಅವಳ ಕಡೆ ತಳ್ಳಿದಳು, ಕಿರಿಯಳು ಒಳಗೆ ಹೋಗಿ ನೀರು ತಂದಳು. ಹೆಸ್ಟರ್ ಮೆಟ್ಟಿಲ ಮೇಲೆ ಕುಳಿತು ಉಳಿದ ಕಾಗದಗಳನ್ನು ಮನೆಗಳ ಸಾಲಿನಂತೆ ಜೋಡಿಸಿಕೊಳ್ಳತೊಡಗಿದಳು. ಮುಂದಿನದು ದರ್ಜಿಯ ಅಣ್ಣನ ಮನೆ. ಅವನಿಗೂ ಪಾಪಾ ನ್ಯಾಟ್‌ನ ಬಗ್ಗೆ ಹೇಳಲು ಬಹಳ ಇತ್ತು, ಅದರಾಚೆಯ ಮನೆಯವರಿಗೂ. ಸಂಜೆಯೊಳಗೆ ಎಲ್ಲ ಮುಗಿಯುವಂತೆ ಕಾಣಲಿಲ್ಲ.